ಸಾಂಕ್ರಾಮಿಕ ರೋಗ ಬಂದಾಗ ಊರು ಮಾಡಬೇಕಾದ ಕೆಲಸ



ದನಕ್ಕೆ ಕಾಲುಬಾಯಿ ಜ್ವರ ಬಂದರೆ ತಾವು ಏನು ಮಾಡುತ್ತೀರಿ? ಅದನ್ನು ಬೇರೆ ಕಟ್ಟುತ್ತೀರಿ. ಬೇರೆ ಬಾನಿಯಲ್ಲಿ ನೀರು ಕುಡಿಸುತ್ತೀರಿ. ಜಾತ್ರೆಗೆ, ಸಂತೆಗೆ ಹೊಡೆದುಕೊಂಡು ಹೋಗುವುದಿಲ್ಲ. ಆದರೆ ಮೇವು ನೀರನ್ನು ಎಂದೂ ನಿಲ್ಲಿಸುವುದಿಲ್ಲ. ಮನುಷ್ಯರ ಸಾಂಕ್ರಾಮಿಕ ರೋಗಕ್ಕೂ ಇದೇ ನ್ಯಾಯ. ರೋಗಿಯನ್ನು ಬೇರೆ ಇಡಬೇಕು, ಆದರೆ ಕೈಬಿಡಬಾರದು. ಈ ಮಾತು ಎಲ್ಲಿ ನಡೆಯಿತು, ಎಲ್ಲಿ ತಪ್ಪಿತು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಹಿಂದಿನವರ ಅನುಭವ

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಅದನ್ನು ತಡೆಯಲು ಆಗಿನ ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಮಾಡಿತು. 1898ರಲ್ಲಿ ರೋಗವು ಬೆಂಗಳೂರಿಗೂ ಕಾಲಿಟ್ಟಿತು. ಮುಂಬಯಿ, ಪುಣೆಗಳಲ್ಲಿ ಅಧಿಕಾರಿಗಳು ಮನೆ ನುಗ್ಗಿ ಶೋಧಿಸಿದ್ದರಿಂದ ಜನ ಹೆದರಿ ರೋಗಿಗಳನ್ನೇ ಬಚ್ಚಿಟ್ಟರು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇನ್ನೊಂದು ದಾರಿ ರೂಢಿಗೆ ಬಂತು. ಇಲಿ ಸತ್ತು ಬಿದ್ದ ಕೂಡಲೇ ಜನ ಊರು ಬಿಟ್ಟು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು, ರೋಗ ಇಳಿದ ಮೇಲೆ ಮರಳುತ್ತಿದ್ದರು. ಬಲಾತ್ಕಾರವಿದ್ದಲ್ಲಿ ರೋಗ ಅಡಗಿ ಹರಡುತ್ತದೆ. ತಿಳಿವಳಿಕೆಯಿದ್ದಲ್ಲಿ ಜನರೇ ದಾರಿ ಕಂಡುಕೊಳ್ಳುತ್ತಾರೆ.

2020ರ ಲಾಕ್‌ಡೌನ್

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಾಗತಿಕ ಪಿಡುಗೆಂದು ಸಾರಿತು. ಭಾರತದಲ್ಲಿ ಈ ರೋಗದಿಂದ ಆದ ಮೊದಲ ಸಾವು ನಮ್ಮ ಕಲಬುರಗಿಯದು. ಮಾರ್ಚ್ 25ರಿಂದ ದೇಶವೆಲ್ಲ 21 ದಿನ ಬಾಗಿಲು ಹಾಕಿತು. ಅನಂತರ ಅದನ್ನು ಹಂತ ಹಂತವಾಗಿ ಮೇ 31ರವರೆಗೆ ಮುಂದುವರಿಸಲಾಯಿತು.

ಹೀಗೇಕೆ ಮಾಡಬೇಕಾಯಿತು? ಒಬ್ಬ ರೋಗಿ ಇಬ್ಬರಿಗೆ, ಆ ಇಬ್ಬರು ನಾಲ್ವರಿಗೆ ಹಚ್ಚಿದರೆ ಹತ್ತನೆಯ ಸುತ್ತಿಗೆ ಹೊಸದಾಗಿ ರೋಗ ತಗಲಿದವರೇ 1,024 ಮಂದಿಯಾಗುತ್ತಾರೆ. ಇಷ್ಟು ಜನ ಒಮ್ಮೆಗೇ ಬಂದರೆ ಯಾವ ಆಸ್ಪತ್ರೆಗೂ ಹಾಸಿಗೆ ಸಾಲದು. ಬಣವೆಗಳನ್ನು ದೂರ ದೂರ ಒಟ್ಟಿದರೆ ಒಂದಕ್ಕೆ ಬಿದ್ದ ಬೆಂಕಿ ಇನ್ನೊಂದಕ್ಕೆ ಹಾರುವುದಿಲ್ಲವಷ್ಟೆ. ಜನರ ನಡುವೆ ಅಂತರವಿಡುವುದೂ ಹಾಗೆಯೇ. ಆದರೆ ಲಾಕ್‌ಡೌನ್ ರೋಗಕ್ಕೆ ಔಷಧವಲ್ಲ. ಅದು ಆಸ್ಪತ್ರೆ, ಔಷಧ, ಲಸಿಕೆಗಳನ್ನು ಸಿದ್ಧಮಾಡಿಕೊಳ್ಳಲು ದೊರೆಯುವ ವೇಳೆ ಮಾತ್ರ. ಲಸಿಕೆ ಹಾಕುವ ಕೆಲಸ 2021ರ ಜನವರಿ 16ರಂದು ಪ್ರಾರಂಭವಾಯಿತು.

ಬೇಸಾಯಕ್ಕೆ ಆದದ್ದೇನು?

ಬೆಳೆ ಕಾಯುವುದಿಲ್ಲವೆಂಬುದು ರೈತನಿಗೆ ಗೊತ್ತು. ಮಾರ್ಚ್ ಕೊನೆಯಲ್ಲಿಯೇ ಕೇಂದ್ರ ಸರ್ಕಾರವು ಹೊಲದ ಕೆಲಸ, ಕೊಯ್ಲು ಯಂತ್ರ, ಗೊಬ್ಬರದ ಅಂಗಡಿ ಮತ್ತು ಮಂಡಿಗಳಿಗೆ ವಿನಾಯಿತಿ ಕೊಟ್ಟಿತು. ಆದರೂ ಲಾರಿ ಸಿಗಲಿಲ್ಲ, ಹೋಟೆಲು ತೆರೆಯಲಿಲ್ಲ, ಮದುವೆ ಜಾತ್ರೆಗಳು ನಿಂತವು. ಹೂವು, ಹಣ್ಣು, ತರಕಾರಿ ಬೆಳೆದವರು ಬಹಳ ನಷ್ಟಪಟ್ಟರು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು 1,610 ಕೋಟಿ ರೂಪಾಯಿಗಳ ಪರಿಹಾರ ಪ್ರಕಟಿಸಿತು. ಅದರಲ್ಲಿ ಹೂವಿನ ಬೆಳೆಗೆ ಹೆಕ್ಟೇರಿಗೆ 25,000 ರೂಪಾಯಿ ಎಂದು ಗೊತ್ತುಮಾಡಿತ್ತು. ಪಡಿತರ ಚೀಟಿಯವರಿಗೆ ಕೇಂದ್ರದಿಂದ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಉಚಿತವಾಗಿ ದೊರೆಯಿತು. ಉದ್ಯೋಗ ಖಾತರಿ ಕೂಲಿ ಕರ್ನಾಟಕದಲ್ಲಿ ದಿನಕ್ಕೆ 249 ರೂಪಾಯಿಯಿಂದ 275 ರೂಪಾಯಿಗೆ ಏರಿತು. ಪಟ್ಟಣದಲ್ಲಿ ಕೆಲಸ ಕಳೆದುಕೊಂಡು ಬಂದ ಎಷ್ಟೋ ಮಂದಿ ಕೆರೆಯ ಹೂಳು ತೆಗೆದು, ಬದು ಹಾಕಿ ಜೀವನ ಸಾಗಿಸಿದರು.

ಊರ ಬಾಗಿಲಿಗೆ ಮುಳ್ಳು

ಕೆಲವು ಹಳ್ಳಿಗಳಲ್ಲಿ ರಸ್ತೆಗೆ ಮುಳ್ಳು ಬಡಿದರು, ಕಲ್ಲು ಅಡ್ಡವಿಟ್ಟರು, ರಸ್ತೆಯನ್ನೇ ಅಗೆದರು. ಪಟ್ಟಣದಿಂದ ನಡೆದು ಬಂದ ತಮ್ಮೂರ ಮಕ್ಕಳನ್ನೇ ಒಳಗೆ ಬಿಡಲಿಲ್ಲ. ಭಯವೇನೋ ನಿಜ. ಆದರೆ ಯೋಚಿಸಿ ನೋಡಿ: ಅಗೆದ ರಸ್ತೆಯಲ್ಲಿ ಹೆರಿಗೆ ನೋವು ಬಂದ ಹೆಣ್ಣುಮಗಳು ಆಸ್ಪತ್ರೆ ಸೇರುವುದು ಹೇಗೆ? ತಮ್ಮ ಟೊಮೆಟೊ ಸಂತೆಗೆ ಹೋಗುವುದು ಹೇಗೆ? ಹೊರಗೆ ತಳ್ಳಿದವನು ರಾತ್ರಿ ಕಳ್ಳದಾರಿಯಲ್ಲಿ ಮನೆ ಸೇರುತ್ತಾನೆ; ಆಗ ಯಾರಿಗೂ ತಿಳಿಯದೆ ರೋಗ ಒಳಗೆ ಬರುತ್ತದೆ. ಹೀಗೆ ಬಂದವರನ್ನು ಊರ ಶಾಲೆಯಲ್ಲೋ ವಿದ್ಯಾರ್ಥಿನಿಲಯದಲ್ಲೋ ಇರಿಸಿ, ಆಗಿನ ನಿಯಮದಂತೆ 14 ದಿನ ಊಟ ನೀರು ಕೊಟ್ಟು ನೋಡಿಕೊಂಡ ಹಳ್ಳಿಗಳೂ ಇದ್ದವು. ಅನುಸರಿಸಬೇಕಾದ ಮೇಲ್ಪಂಕ್ತಿ ಇದೇ.

ಮುಂದೆ ನೆನಪಿಡತಕ್ಕ ಅಂಶಗಳು

1. ರಸ್ತೆ ಕಡಿಯಬೇಡಿ. ಊರ ಬಾಗಿಲಲ್ಲಿ ಇಬ್ಬರು ಯುವಕರು ಕುಳಿತು ಬಂದವರ ಹೆಸರು, ದಿನಾಂಕ ಬರೆದುಕೊಳ್ಳಲಿ. ಪುಸ್ತಕವನ್ನು ಆಶಾ ಕಾರ್ಯಕರ್ತೆಗೆ ತೋರಿಸಿರಿ.

2. ಪ್ರತ್ಯೇಕವಾಸಕ್ಕೆ ಗಾಳಿ, ನೀರು, ಶೌಚಾಲಯ ಇರುವ ಕಟ್ಟಡವನ್ನು ಪಂಚಾಯತಿಯು ಮೊದಲೇ ಗೊತ್ತುಮಾಡಿರಲಿ.

3. ಮುದುಕರು, ಬಸುರಿ ಬಾಣಂತಿಯರು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇರುವವರ ಪಟ್ಟಿ ಇರಲಿ. ಅವರ ಮಾತ್ರೆ ತಪ್ಪದಂತೆ ಮನೆಗೆ ಮುಟ್ಟಿಸಿರಿ.

4. ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿಗಳ ಮುಂದೆ ಸುಣ್ಣದಲ್ಲಿ ಗುರುತು ಹಾಕಿ ದೂರ ದೂರ ನಿಲ್ಲಿರಿ. ಕೇರಿಗೊಂದು ಹೊತ್ತು ಗೊತ್ತುಮಾಡಿದರೆ ಇನ್ನೂ ಮೇಲು.

5. ತಮ್ಮ ಬೆಳೆಯನ್ನು ಪಹಣಿಯಲ್ಲಿ ಸರಿಯಾಗಿ ನಮೂದು ಮಾಡಿಸಿರಿ. ಪರಿಹಾರ ಬಂದಾಗ ಕಾಗದವೇ ತಮ್ಮ ಪರವಾಗಿ ಮಾತನಾಡುತ್ತದೆ.

6. ನಾಲ್ಕಾರು ಬೆಳೆಗಾರರು ಸೇರಿ ಒಂದೇ ಗಾಡಿಯಲ್ಲಿ ಮಾಲು ಕಳಿಸಿರಿ. ಸಂತೆಗೆ ಹೋಗುವ ಜನ ಕಡಿಮೆಯಾಗುತ್ತಾರೆ, ಬಾಡಿಗೆಯೂ ಉಳಿಯುತ್ತದೆ.

7. ರೋಗ ಬಂದವರ ಜಾತಿ, ಮತ, ಕೇರಿ ಎತ್ತಿ ಆಡಬೇಡಿ. ಅವಮಾನಕ್ಕೆ ಅಂಜಿದವನು ಜ್ವರವನ್ನು ಮುಚ್ಚಿಡುತ್ತಾನೆ; ಮುಚ್ಚಿಟ್ಟ ಜ್ವರ ಊರನ್ನೇ ಸುಡುತ್ತದೆ.

ಆಜ್ಞೆ, ಹಣ, ಔಷಧ, ಲಸಿಕೆ ಇವು ಸರ್ಕಾರದಿಂದ ಬರತಕ್ಕವು. ಯಾರ ಮನೆಯಲ್ಲಿ ಒಲೆ ಹತ್ತಿಲ್ಲ, ಯಾವ ಅಜ್ಜಿಗೆ ಯಾರೂ ದಿಕ್ಕಿಲ್ಲ ಎಂಬುದು ಮಾತ್ರ ತಮಗೇ ಗೊತ್ತು. ಎರಡೂ ಕೂಡಿದರೇ ಕೆಲಸ ಸಾಗುವುದು. ಮುಂದಿನ ಗ್ರಾಮಸಭೆಯಲ್ಲಿ ಈ ಏಳು ಅಂಶಗಳನ್ನು ಓದಿಸಿ, ಯಾವ ಕೆಲಸ ಯಾರದೆಂದು ಹಂಚಿಕೊಂಡು ಬರೆದಿಡಿರಿ. ಮಳೆ ಬರುವ ಮುಂಚೆ ಮಾಡು ಹೊದಿಸುವವನೇ ಜಾಣ ಬೇಸಾಯಗಾರನಲ್ಲವೇ?