ಕರಾವಳಿಯ ಹಿತ್ತಿಲಿಗೆ ಯಾವ ಕೋಳಿ?

ಮೊಟ್ಟೆಗೂ ಆಗಬೇಕು, ಮಾಂಸಕ್ಕೂ ಆಗಬೇಕು. ಇಂತಹ ಕೋಳಿಯನ್ನು ಉಭಯೋದ್ದೇಶ ತಳಿಯೆಂದು ಕರೆಯುತ್ತಾರೆ. ಹಿತ್ತಿಲಲ್ಲಿ ಹತ್ತು ಹದಿನೈದು ಕೋಳಿಗಳನ್ನು ಸಾಕುವ ಮನೆಗಳಿಗೆ ಬೇಕಾದುದು ಇದೇ. ಮೊಟ್ಟೆಗೆಂದೇ ಬೆಳೆಸಿದ ವೈಟ್ ಲೆಗ್‌ಹಾರ್ನ್ ಹೇಂಟೆಯು ಮೊಟ್ಟೆ ನಿಲ್ಲಿಸಿದ ಮೇಲೆ ಅದರ ಮೈಯಲ್ಲಿ ಮಾಂಸ ಸಿಗುವುದು ಅಷ್ಟಕ್ಕಷ್ಟೆ. ಬ್ರಾಯ್ಲರ್ ಕೋಳಿಯು ಆರೇಳು ವಾರಗಳಲ್ಲಿ ತೂಕಕ್ಕೆ ಬಂದರೂ ಕೆದಕಿ ತಿಂದು ಬದುಕುವ ಜಾತಿಯದಲ್ಲ. ತಳಿಯನ್ನು ಆರಿಸುವಾಗ ನಮ್ಮವರು ಕೇಳುವುದು ಒಂದೇ ಮಾತು: ವರ್ಷಕ್ಕೆ ಎಷ್ಟು ಮೊಟ್ಟೆ? ಆದರೆ ನಮ್ಮ ಕರಾವಳಿಯಲ್ಲಿ ಅದಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆ ಬೇರೆಯೇ ಇದೆ. ಈ ಕೋಳಿಯು ತನ್ನ ಮೈಯ ಕಾವನ್ನು ಹೇಗೆ ಕಳೆದುಕೊಳ್ಳುತ್ತದೆ?

ಕೋಳಿಯ ಮೈಶಾಖ ಸುಮಾರು ೪೧ ಡಿಗ್ರಿ ಸೆಲ್ಸಿಯಸ್. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಸೆಕೆ ಹೆಚ್ಚಿದಾಗ ರೆಕ್ಕೆಗಳನ್ನು ಇಳಿಬಿಟ್ಟು, ಕೊಕ್ಕು ತೆರೆದು, ಏದುಸಿರು ಬಿಡುತ್ತದೆ. ಬಾಯಿ ಗಂಟಲುಗಳ ತೇವವು ಆವಿಯಾಗಿ ಹೋಗುವಾಗ ಒಳಗಿನ ಕಾವನ್ನೂ ಒಯ್ಯುತ್ತದೆ. ಕಲಬುರ್ಗಿಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ದಾಟುವುದುಂಟು. ಮಂಗಳೂರಿನಲ್ಲಿ ೩೩–೩೫ರ ಆಸುಪಾಸು. ಲೆಕ್ಕದಲ್ಲಿ ನಮ್ಮದೇ ತಂಪು! ಆದರೆ ಅಲ್ಲಿಯ ಒಣಗಾಳಿ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಗಾಳಿಯು ಮೊದಲೇ ತೇವದಿಂದ ತುಂಬಿರುವುದರಿಂದ ಕೋಳಿ ಎಷ್ಟು ಏದಿದರೂ ಕಾವು ಇಳಿಯುವುದು ನಿಧಾನ. ರಾತ್ರಿಯೂ ತಂಪಾಗುವುದಿಲ್ಲ. ಇನ್ನೊಂದು ನಷ್ಟವಿದೆ. ಏದುಸಿರಿನೊಡನೆ ರಕ್ತದಲ್ಲಿರುವ ಇಂಗಾಲಾಮ್ಲವೂ ಹೆಚ್ಚಾಗಿ ಹೊರಗೆ ಹೋಗುತ್ತದೆ. ಮೊಟ್ಟೆಯ ಚಿಪ್ಪು ಕಟ್ಟಲು ಸುಣ್ಣದ ಜೊತೆಗೆ ಇದರ ಅಂಶವೂ ಬೇಕು. ಬೇಸಗೆಯಲ್ಲಿ ಮೊಟ್ಟೆಯ ಚಿಪ್ಪು ತೆಳುವಾಗಿ ಬುಟ್ಟಿಯಲ್ಲಿಯೇ ಒಡೆಯುವುದಕ್ಕೆ ಇದೇ ಮುಖ್ಯ ಕಾರಣ. ‘ದೃಷ್ಟಿ ತಾಗಿದೆ’ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ, ತಾಗಿರುವುದು ಸೆಕೆ.

ಹೀಗಿರುವಾಗ ಮೈ ಭಾರವಾದಷ್ಟೂ, ಗರಿ ದಟ್ಟವಾದಷ್ಟೂ ಕೋಳಿಗೆ ಕಷ್ಟ. ಅಮೆರಿಕದ ರೋಡ್ ಐಲೆಂಡ್ ರೆಡ್ ಲೋಕಪ್ರಸಿದ್ಧವಾದ ಉಭಯೋದ್ದೇಶ ತಳಿ. ೧೯೫೪ರಲ್ಲಿ ಆ ಸಂಸ್ಥಾನವು ಅದನ್ನು ತನ್ನ ರಾಜ್ಯಪಕ್ಷಿಯೆಂದು ಸಾರಿತು. ಅದರ ಪೂರ್ವಜರಲ್ಲಿ ಸೆಕೆಯ ನಾಡಿನ ಮಲಯ ಹುಂಜಗಳೂ ಇದ್ದುವೆಂಬುದು ಸ್ವಾರಸ್ಯದ ಸಂಗತಿ. ಆದರೂ ಚಳಿಯ ಸೀಮೆಯಲ್ಲಿ ರೂಪುಗೊಂಡ ಅದರ ಒತ್ತಾದ ಗರಿ ನಮ್ಮ ಮೇ ತಿಂಗಳಿಗೆ ಹೊದೆದ ಕಂಬಳಿಯಂತೆ. ಇದಕ್ಕೆ ವಿರುದ್ಧವಾದುದು ಬೋಳುಕತ್ತಿನ ಕೋಳಿ. ಕೇರಳದ ತಿರುವಾಂಕೂರು ಸೀಮೆಯಲ್ಲಿಯೂ ಅಂಡಮಾನ್ ದ್ವೀಪಗಳಲ್ಲಿಯೂ ಇದು ಹಿಂದಿನಿಂದ ಇದೆ. ಕತ್ತನ್ನು ಬೋಳಾಗಿಸುವ ವಂಶವಾಹಿ ಒಂದೇ. ಅದು ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ಬಂದರೆ ಗರಿ ಸುಮಾರು ಶೇಕಡ ೨೦ರಷ್ಟು, ಇಬ್ಬರಿಂದಲೂ ಬಂದರೆ ಸುಮಾರು ೪೦ರಷ್ಟು ಕಡಿಮೆಯಾಗುತ್ತದೆ. ನೋಡಲು ಚೆಂದವಿಲ್ಲವೆಂದು ಜನ ಇದನ್ನು ದೂರವಿಡುತ್ತಾರೆ. ಊರ ಹೇಂಟೆಗಳ ನಡುವೆ ಇಂತಹ ಒಂದು ಹುಂಜವನ್ನು ಬಿಡುವುದು ಖರ್ಚಿಲ್ಲದ ಸುಧಾರಣೆಯೆಂದು ನನ್ನ ಅಭಿಪ್ರಾಯ.

ನಮ್ಮ ನಾಡಿನಲ್ಲಿಯೇ ಸಿದ್ಧವಾದ ತಳಿಗಳೂ ಉಂಟು. ಬೆಂಗಳೂರಿನ ಹೆಬ್ಬಾಳದಲ್ಲಿ ೧೯೮೯ರಲ್ಲಿ ಹೊರಬಂದ ಗಿರಿರಾಜವು ಬಣ್ಣದ ಗರಿಯದು. ವರ್ಷಕ್ಕೆ ೧೩೦ರಿಂದ ೧೫೦ ಮೊಟ್ಟೆ. ೨೦೦೫ರಲ್ಲಿ ಬಂದ ಸ್ವರ್ಣಧಾರೆಯು ಅದಕ್ಕಿಂತ ಹೆಚ್ಚು ಮೊಟ್ಟೆಯಿಡುತ್ತದೆ, ಮೈಯೂ ಹಗುರ. ಹಗುರವಾದ ಕೋಳಿಗೆ ಸೆಕೆಯೂ ಕಡಿಮೆ. ಕಾಡುಬೆಕ್ಕು, ನರಿಗಳ ಕೈಗೆ ಸಿಕ್ಕದೆ ಹಾರುವುದೂ ಸುಲಭ. ಇವೆರಡರಲ್ಲಿ ಕರಾವಳಿಗೆ ನಾನು ಸ್ವರ್ಣಧಾರೆಯನ್ನೇ ಆರಿಸುತ್ತೇನೆ.

ಹಾಗಾದರೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಯಿಡುವ ಊರ ಕೋಳಿಯನ್ನು ಬಿಟ್ಟೇಬಿಡಬೇಕೇ? ಇಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ತಡೆಯುಂಟಾಗುತ್ತದೆ. ಗಿರಿರಾಜದ ಹೇಂಟೆಯು ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಯನ್ನು ಬೇರೆ ಹೇಂಟೆಯಡಿಯಿಟ್ಟು ಮರಿ ಮಾಡಿದರೂ ತಾಯಿಯ ಗುಣಗಳು ಆ ಮರಿಗಳಲ್ಲಿ ಪೂರ್ತಿಯಾಗಿ ಉಳಿಯುವುದಿಲ್ಲ. ಏಕೆಂದರೆ ಅದು ಬೆರಕೆಯ ತಳಿ. ಹಾಗಾಗಿ ಪ್ರತಿಸಲವೂ ಮರಿಗಳನ್ನು ಹಣ ಕೊಟ್ಟೇ ತರಬೇಕು. ಊರ ಹೇಂಟೆಯಾದರೋ ತಾನೇ ಕಾವು ಕೂತು, ತಾನೇ ಮರಿಗಳನ್ನು ಕರೆದುಕೊಂಡು ಗೆದ್ದಲು ತೋರಿಸುತ್ತದೆ. ನನ್ನ ತಾಯಿ ಅಕ್ಷರ ಕಲಿತವರಲ್ಲ. ಮೊಟ್ಟೆಯ ಲೆಕ್ಕವನ್ನು ಅವರು ಅಡಿಗೆಮನೆಯ ಗೋಡೆಯ ಮೇಲೆ ಮಸಿಯ ಗೆರೆಗಳಲ್ಲಿ ಇಡುತ್ತಾರೆ. ಮೂರು ವರ್ಷ ನಾನು ಕಟ್ಟಿದ ಶುಲ್ಕದಲ್ಲಿ ಆ ಗೆರೆಗಳ ಪಾಲೂ ಇದೆ. ಕೈಯಲ್ಲಿ ಹಣವಿಲ್ಲದ ತಿಂಗಳಲ್ಲಿಯೂ ಮರಿ ಹುಟ್ಟುತ್ತಿರಬೇಕೆಂಬ ಅವರ ಹಟವನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ.

ಆದುದರಿಂದ ಎರಡನ್ನೂ ಕೂಡಿಸುವುದು ಲೇಸು. ಎರಡು ಮೂರು ಊರ ಹೇಂಟೆಗಳು ಮನೆಯಲ್ಲಿ ಇರಲಿ. ಅವುಗಳಲ್ಲೊಂದು ಕಾವು ಕೂತು ಮೊಟ್ಟೆಯೊಡೆಯುವ ಹೊತ್ತಿಗೆ ಸ್ವರ್ಣಧಾರೆಯ ಒಂದು ದಿನದ ಮರಿಗಳನ್ನು ತಂದು, ರಾತ್ರಿ ಕತ್ತಲಲ್ಲಿ ಅದರ ರೆಕ್ಕೆಯಡಿಗೆ ಸೇರಿಸಿದರೆ ಸಾಮಾನ್ಯವಾಗಿ ತನ್ನವೆಂದೇ ಸಾಕುತ್ತದೆ. ವಿದ್ಯುದ್ದೀಪದ ಕಾವಿನ ಖರ್ಚು ಉಳಿಯಿತು. ಕೊಕ್ಕರೆ ರೋಗದ ಲಸಿಕೆಯ ಹನಿಯನ್ನು ಮೊದಲ ವಾರದಲ್ಲಿಯೇ ಹಾಕಿಸಬೇಕು, ಇದರಲ್ಲಿ ತಳಿಭೇದವಿಲ್ಲ.

ಜೂನ್ ತಿಂಗಳಲ್ಲಿ ಮಾತ್ರ ಮರಿ ತರಬಾರದು. ಮಳೆಗಾಲದಲ್ಲಿ ಗೂಡಿನ ಹೊಟ್ಟು ಒದ್ದೆಯಾದರೆ ರಕ್ತಭೇದಿಯ ರೋಗಾಣು ಬೆಳೆಯುತ್ತದೆ, ತವುಡು ಹಿಂಡಿಗಳಿಗೆ ಬೂಷ್ಟು ಹಿಡಿಯುತ್ತದೆ. ಅಕ್ಟೋಬರಿನಲ್ಲಿ ಮಳೆ ಹಿಂದೆಗೆದ ಮೇಲೆ ತಂದ ಮರಿಗಳು ಮಾರ್ಚಿಯ ಸೆಕೆ ಬರುವಷ್ಟರಲ್ಲಿ ಬೆಳೆದು ನಿಂತಿರುತ್ತವೆ. ಆಗ ಗೂಡಿನ ನಾಲ್ಕು ಬದಿಗೂ ಗಾಳಿಯಾಡಲು ಬಿಟ್ಟು, ಮಾಡಿಗೆ ಮಡಲು ಹೊದೆಸಿ, ನೀರಿನ ಮಡಕೆಯನ್ನು ಹಲಸಿನ ನೆರಳಿನಲ್ಲಿಟ್ಟರೆ ಆಯಿತು.