ಕರುಳನ್ನು ಕಾಯುವ ಜೀವಾಣುಗಳು



ಕಳೆದ ಬೇಸಗೆಯಲ್ಲಿ ನಾನು ಒಂದು ಹಳ್ಳಿಗೆ ಹೋಗಿದ್ದಾಗ ಒಂದು ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿಯಾಗುತ್ತಿತ್ತು. ಹೊಟ್ಟೆ ಒಣಗಲೆಂದು ಅಜ್ಜಿ ನೀರನ್ನೂ ಮಜ್ಜಿಗೆಯನ್ನೂ ನಿಲ್ಲಿಸಿದ್ದರು. ತಂದೆಯು ತನ್ನ ಜ್ವರಕ್ಕೆ ತಂದು ಉಳಿದಿದ್ದ ಮಾತ್ರೆಯಲ್ಲಿ ಅರ್ಧ ತಿನ್ನಿಸಿದ್ದ. ಇಬ್ಬರದೂ ಒಳ್ಳೆಯ ಮನಸ್ಸೇ. ಆದರೆ ಎರಡೂ ತಪ್ಪು. ಆಶಾ ಕಾರ್ಯಕರ್ತೆ ಬಂದು ಓ.ಆರ್.ಎಸ್. ನೀರು ಕುಡಿಸಿದ ಮೇಲೆ ಮಗು ಚೇತರಿಸಿಕೊಂಡಿತು. ಆಗ ಅಜ್ಜಿ ನನ್ನನ್ನು ಕೇಳಿದರು: “ಮಜ್ಜಿಗೇಲಿ ಹುಳ ಇರ್ತವೆ ಅಂತೀಯಲ್ಲಪ್ಪ, ಹುಳ ಹೊಟ್ಟೆಗೆ ಹೋದರೆ ಒಳ್ಳೇದು ಹೆಂಗಾದೀತು?”

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರವೇ ಈ ಪಾಠ.

ಶೇಂಗಾ ಗಿಡವನ್ನು ಕಿತ್ತು ನೋಡಿದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳೊಳಗಿನ ಜೀವಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡವು ಅವಕ್ಕೆ ಆಹಾರ ಕೊಡುತ್ತದೆ. ಇಂಥದೇ ಕೊಡುಕೊಳ್ಳುವಿಕೆ ನಮ್ಮ ಕರುಳಿನಲ್ಲಿಯೂ ನಡೆದಿದೆ.

ಒಳಪೊರೆ ಮತ್ತು ಉರಿಯೂತ

ಕರುಳಿನ ಒಳಗೋಡೆಯ ಮೇಲ್ಪದರವು ಒಂದೇ ಒಂದು ಸಾಲು ಜೀವಕೋಶಗಳಿಂದ ಆದುದು. ಅದರ ಮೇಲೆ ಲೋಳೆಯ ಹೊದಿಕೆಯಿದೆ. ಈ ಕೋಶಗಳು ಕೆಲವೇ ದಿನಗಳಲ್ಲಿ ಸವೆದು ಹೊಸವು ಹುಟ್ಟುತ್ತವೆ. ಅನ್ನದ ಸಾರವನ್ನು ಒಳಗೆ ಬಿಡುವುದೂ ರೋಗಾಣುಗಳನ್ನು ಹೊರಗೆ ತಡೆಯುವುದೂ ಈ ತೆಳು ಪೊರೆಯ ಕೆಲಸ.

ಬದುವು ಒಡೆದಂತೆ ಈ ಪೊರೆಯು ಬಿರಿದರೆ ರೋಗಾಣುಗಳೂ ಅವುಗಳ ವಿಷವೂ ಒಳನುಗ್ಗುತ್ತವೆ. ಆಗ ರಕ್ತದ ಬಿಳಿಕಣಗಳು ಅಲ್ಲಿಗೆ ಧಾವಿಸಿ ಹೋರಾಡುತ್ತವೆ. ಆ ಜಾಗ ಕೆಂಪಾಗಿ, ಊದಿ, ನೋಯುತ್ತದೆ. ಇದೇ ಉರಿಯೂತ. ಹೊಲಕ್ಕೆ ನುಗ್ಗಿದ ಕಳ್ಳನನ್ನು ಹಿಡಿಯಲು ಊರೆಲ್ಲ ಓಡಿದರೆ ಕಳ್ಳನು ಸಿಕ್ಕಬಹುದು, ಆದರೆ ಬೆಳೆಯೂ ತುಳಿದುಹೋಗುತ್ತದೆ. ಉರಿಯೂತವು ಬಹುಕಾಲ ಉಳಿದರೆ ಕರುಳಿನ ಗತಿಯೂ ಅದೇ.

ಜೀವಾಣುಗಳು ಕಾಯುವ ಬಗೆ

ಮೊದಲನೆಯದು: ಪೈರು ದಟ್ಟವಾಗಿದ್ದರೆ ಕಳೆಗೆ ಎಡೆಯಿಲ್ಲ. ಹಾಗೆಯೇ ಒಳ್ಳೆಯ ಜೀವಾಣುಗಳು ತುಂಬಿದ್ದರೆ ರೋಗಾಣುಗಳಿಗೆ ಜಾಗವೂ ಆಹಾರವೂ ದೊರೆಯುವುದಿಲ್ಲ.

ಎರಡನೆಯದು: ಮೊಸರನ್ನು ಹುಳಿಯಾಗಿಸುವ ಜಾತಿಯ ಜೀವಾಣುಗಳು ಹುಟ್ಟಿಸುವ ಆಮ್ಲವನ್ನು ಅನೇಕ ರೋಗಾಣುಗಳು ತಾಳಲಾರವು.

ಮೂರನೆಯದು: ರಾಗಿ, ಕಾಳು, ಸೊಪ್ಪುಗಳಲ್ಲಿ ನಮಗೆ ಜೀರ್ಣವಾಗದ ನಾರನ್ನು ದೊಡ್ಡಕರುಳಿನ ಜೀವಾಣುಗಳು ಹುದುಗಿಸಿ ಬ್ಯುಟಿರಿಕ್ ಆಮ್ಲವನ್ನು ಮಾಡುತ್ತವೆ. ಕೆಟ್ಟ ಬೆಣ್ಣೆಯ ಕಮಟು ವಾಸನೆ ಈ ಆಮ್ಲದ್ದೇ. ಆದರೆ ದೊಡ್ಡಕರುಳಿನ ಒಳಪೊರೆಗೆ ಇದೇ ಮುಖ್ಯ ಆಹಾರ. ಇದರಿಂದ ಕೋಶಗಳ ನಡುವಣ ಬೆಸುಗೆ ಬಿಗಿಯಾಗುತ್ತದೆ. ಬಿಳಿಕಣಗಳ ಅತಿಯಾದ ಆರ್ಭಟವೂ ತಗ್ಗುತ್ತದೆ.

ಇದರ ಮಿತಿ

ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶವು 2017ರಲ್ಲಿ ಪ್ರಕಟವಾಯಿತು. ಆಯ್ದ ಒಂದು ಜೀವಾಣುವನ್ನು ಅದರ ಆಹಾರದೊಡನೆ 7 ದಿನ ಕೊಟ್ಟಾಗ, ರಕ್ತದ ನಂಜು ಅಥವಾ ಸಾವಿಗೆ ತುತ್ತಾದ ಶಿಶುಗಳು ನೂರಕ್ಕೆ 9ರಿಂದ 5.4ಕ್ಕೆ ಇಳಿದವು. ಆದರೆ 2018ರಲ್ಲಿ ಅಮೆರಿಕ ಮತ್ತು ಕೆನಡಾಗಳಿಂದ ಪ್ರಕಟವಾದ ಎರಡು ಪರೀಕ್ಷೆಗಳಲ್ಲಿ ವಾಂತಿಭೇದಿಯ ಮಕ್ಕಳಿಗೆ ಕೊಟ್ಟ ಬೇರೆ ಜೀವಾಣುಗಳಿಂದ ಪ್ರಯೋಜನ ಕಂಡುಬರಲಿಲ್ಲ. ಬಿತ್ತನೆ ಬೀಜದಲ್ಲಿ ತಳಿಯಿಂದ ತಳಿಗೆ ಗುಣ ಬೇರೆಯಿರುವಂತೆ ಜೀವಾಣುಗಳಲ್ಲಿಯೂ ಇದೆ. ಒಡಿಶಾದಲ್ಲಿ ಕೊಟ್ಟದ್ದು ಮನೆಯ ಮೊಸರಲ್ಲ. ಆದುದರಿಂದ ಮೊಸರು ಆಹಾರವೇ ಹೊರತು ಭೇದಿಗೆ ಔಷಧವಲ್ಲ.

ನೀವು ಮಾಡಬೇಕಾದುದು

1. ಕಾಯಿಸಿ ಉಗುರುಬೆಚ್ಚಗಾದ ಹಾಲಿಗೆ ಹೆಪ್ಪು ಹಾಕಿ. ಅಂಬಲಿ ಆರಿದ ಮೇಲೆ ಮಜ್ಜಿಗೆ ಬೆರೆಸಿ. ಕುದಿಸಿದರೆ ಜೀವಾಣುಗಳು ಸಾಯುತ್ತವೆ. ಮೊಸರಿನ ಜೀವಾಣುಗಳು ಕರುಳಿನಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಆದುದರಿಂದ ಒಂದು ದಿನ ಹೆಚ್ಚು ತಿನ್ನುವುದಕ್ಕಿಂತ ದಿನವೂ ಸ್ವಲ್ಪ ಉಣ್ಣುವುದು ಮೇಲು.

2. ಮುದ್ದೆಯೊಡನೆ ಕಾಳು, ಸೊಪ್ಪು ತಪ್ಪದಿರಲಿ. ಹೊಲಕ್ಕೆ ಗೊಬ್ಬರ ಹೇಗೋ ಜೀವಾಣುಗಳಿಗೆ ನಾರು ಹಾಗೆ.

3. ಉಳಿದ ಆಂಟಿಬಯಾಟಿಕ್ ಮಾತ್ರೆಗಳನ್ನು ಮನೆಯಲ್ಲಿ ಹಂಚಿ ನುಂಗತಕ್ಕದ್ದಲ್ಲ. ಅವು ಕಳೆಯೊಡನೆ ಪೈರನ್ನೂ ಸುಡುತ್ತವೆ. ವೈದ್ಯರು ಬರೆದುಕೊಟ್ಟಾಗ ಮಾತ್ರ, ಹೇಳಿದಷ್ಟು ದಿನ ತೆಗೆದುಕೊಳ್ಳಿ.

4. ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕು. ಅದರಲ್ಲಿ ಒಳ್ಳೆಯ ಜೀವಾಣುಗಳಿಗೆ ಬೇಕಾದ ಆಹಾರವೂ ಇದೆ.

5. ಭೇದಿಯಾದರೆ ಕೂಡಲೇ ಓ.ಆರ್.ಎಸ್. ಕೊಡಿ. ದೊಡ್ಡ ಪೊಟ್ಟಣಕ್ಕೆ 1 ಲೀಟರು ಶುದ್ಧ ನೀರು. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬೇಡಿ. ಆಶಾ ಕಾರ್ಯಕರ್ತೆ ಕೊಡುವ ಜಿಂಕ್ ಮಾತ್ರೆಯನ್ನು 14 ದಿನ ನಿಲ್ಲಿಸದೆ ಕೊಡಿ. ಎದೆಹಾಲು ಅಥವಾ ಊಟವನ್ನು ತಪ್ಪಿಸಬೇಡಿ.

6. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಮಗು ಕುಡಿಯಲಾರದೆ ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಅಜ್ಜಿಗೆ ನಾನು ಇಷ್ಟನ್ನೇ ಹೇಳಿದೆ. ಅವರು, “ಹಂಗಾದರೆ ಹೊಟ್ಟೇನೂ ಒಂದು ಹೊಲ ಅನ್ನು” ಎಂದರು. ಹೌದು ಬಂಧುಗಳೇ, ಹೊಟ್ಟೆಯೂ ಒಂದು ಹೊಲವೇ. ಅದರ ಬದುವನ್ನು ಕಾಪಾಡಿಕೊಳ್ಳಿ.