ಬ್ರೌಸರ್ ನಿಂತುಹೋದರೆ ಏನು ಮಾಡಬೇಕು?



ಈಗ ಎಷ್ಟೋ ಕೆಲಸ ಫೋನಿನಲ್ಲೇ ಆಗುತ್ತದೆ. ಹೊಲದ ಪಹಣಿ ನೋಡಬಹುದು. ಮಕ್ಕಳ ಪರೀಕ್ಷೆಯ ಫಲಿತಾಂಶ ನೋಡಬಹುದು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು.

ಆದರೆ ಒಮ್ಮೊಮ್ಮೆ ಹೀಗಾಗುತ್ತದೆ. ರಾತ್ರಿ ಫೋನು "ಅಪ್‌ಡೇಟ್ ಮಾಡಲೇ?" ಎಂದು ಕೇಳುತ್ತದೆ. ನಾವು ಹೂಂ ಎಂದು ಒತ್ತುತ್ತೇವೆ. ಬೆಳಿಗ್ಗೆ ಎದ್ದು ನೋಡಿದರೆ ಪುಟ ತೆರೆಯುವುದಿಲ್ಲ. ಚಕ್ರ ತಿರುಗುತ್ತಲೇ ಇರುತ್ತದೆ. ಬೆರಳಿಟ್ಟರೂ ಅಲುಗಾಡುವುದಿಲ್ಲ. "ಅಯ್ಯೋ, ನಾನೇ ಕೆಡಿಸಿಬಿಟ್ಟೆ" ಎಂದು ಎದೆ ಢವಢವ ಅನ್ನುತ್ತದೆ.

ಹೆದರಬೇಡಿ. ಇದು ನಿಮ್ಮ ತಪ್ಪಲ್ಲ. ತೊಂದರೆ ಎಲ್ಲಿದೆ ಎಂದು ಮೊದಲು ಹುಡುಕೋಣ. ಆಮೇಲೆ ಸರಿ ಮಾಡೋಣ.

ಬ್ರೌಸರ್ ಎಂದರೇನು?

ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಇದೆ. ಅಲ್ಲಿಂದ ನಾಲೆಯಲ್ಲಿ ನೀರು ಬರುತ್ತದೆ. ನಾಲೆಯಿಂದ ತೂಬಿನ ಮೂಲಕ ಗದ್ದೆಗೆ ಬರುತ್ತದೆ. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ರೈತ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಫೋನಿಗೆ ಮಾಹಿತಿ ಬರುವುದೂ ಹೀಗೆಯೇ.

ವೆಬ್‌ಸೈಟ್ ಎಂದರೆ ಅಣೆಕಟ್ಟು. ಮಾಹಿತಿ ಇರುವುದು ಅಲ್ಲಿ.
ನೆಟ್ ಎಂದರೆ ನಾಲೆ. ಮಾಹಿತಿ ಹರಿದು ಬರುವುದು ಅದರಲ್ಲಿ.
ಬ್ರೌಸರ್ ಎಂದರೆ ತೂಬು. ಮಾಹಿತಿಯನ್ನು ನಮ್ಮ ಫೋನಿಗೆ ಬಿಡುವುದು ಅದು. ಕ್ರೋಮ್, ಫೈರ್‌ಫಾಕ್ಸ್ ಇವೆಲ್ಲ ಬ್ರೌಸರ್‌ಗಳು.
ಆಪರೇಟಿಂಗ್ ಸಿಸ್ಟಮ್ ಎಂದರೆ ಗದ್ದೆಯ ಬದು. ಫೋನಿನ ಎಲ್ಲ ಕೆಲಸವನ್ನೂ ಹಿಡಿದು ನಿಲ್ಲಿಸಿರುವುದು ಅದು. ನಮ್ಮಲ್ಲಿ ಬಹಳ ಜನರ ಫೋನಿನಲ್ಲಿ ಇರುವುದು ಆಂಡ್ರಾಯ್ಡ್. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ವಿಂಡೋಸ್ ಇರುತ್ತದೆ.

ಸಿಸ್ಟಮ್ ಅಪ್‌ಡೇಟ್ ಎಂದರೆ ಬದುವನ್ನು ಹೊಸದಾಗಿ ಕಟ್ಟಿದ ಹಾಗೆ. ಬದು ಹೊಸದು, ತೂಬು ಹಳೆಯದು. ಎರಡೂ ಸರಿಯಾಗಿ ಕೂಡದಿದ್ದರೆ ನೀರು ನಿಲ್ಲುತ್ತದೆ. ಬ್ರೌಸರ್ ನಿಂತುಹೋಗುವುದೂ ಹೀಗೆಯೇ.

ಇದು ಎಲ್ಲ ಕಡೆಯೂ ಆಗಿದೆ

2018ರ ಏಪ್ರಿಲ್ 30ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಒಂದು ದೊಡ್ಡ ಅಪ್‌ಡೇಟ್ ಬಿಟ್ಟಿತು. ಅದನ್ನು ಹಾಕಿಕೊಂಡ ಕೆಲವು ಕಂಪ್ಯೂಟರುಗಳಲ್ಲಿ ಕ್ರೋಮ್ ತೆರೆದರೆ ಪರದೆ ನಿಂತುಬಿಡುತ್ತಿತ್ತು. ಬೇರೆ ಬೇರೆ ದೇಶಗಳಲ್ಲಿ ಓದಿದವರು, ಕಚೇರಿಯಲ್ಲಿ ದುಡಿಯುವವರು ಕೂಡ ತಲೆ ಮೇಲೆ ಕೈ ಹೊತ್ತು ಕೂತರು. ತೊಂದರೆ ಇರುವುದು ನಿಜ ಎಂದು ಕಂಪನಿಯೇ ಒಪ್ಪಿಕೊಂಡಿತು. ಮೇ 8ರಂದು ಅದನ್ನು ಸರಿಪಡಿಸುವ ಇನ್ನೊಂದು ಅಪ್‌ಡೇಟ್ ಕೊಟ್ಟಿತು.

2021ರ ಮಾರ್ಚ್ ತಿಂಗಳಲ್ಲಿ ಆಂಡ್ರಾಯ್ಡ್ ಫೋನುಗಳ ಸರದಿ. ಜಿಮೇಲ್ ಮೊದಲಾದ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಹೋಗುತ್ತಿದ್ದವು. ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸುವ "ವೆಬ್‌ವ್ಯೂ" ಎಂಬ ಭಾಗದಲ್ಲಿ ದೋಷವಿತ್ತು. ಗೂಗಲ್ ಕಂಪನಿ ಅದನ್ನು ಬೇಗ ಸರಿಪಡಿಸಿತು. ಜನ ಪ್ಲೇ ಸ್ಟೋರ್‌ಗೆ ಹೋಗಿ ವೆಬ್‌ವ್ಯೂ ಮತ್ತು ಕ್ರೋಮ್ ಎರಡನ್ನೂ ಅಪ್‌ಡೇಟ್ ಮಾಡಿದರು. ಫೋನು ಸರಿಹೋಯಿತು.

ನೋಡಿದಿರಾ? ಎರಡು ಸಲವೂ ತಪ್ಪು ಬಳಸುವವರದಲ್ಲ. ಯಾರೂ ಫೋನು ಎಸೆಯಬೇಕಾಗಿರಲಿಲ್ಲ.

ಅಕ್ಕ ತಂಗಿಯ ಮಾತುಕತೆ

ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ಸಂಘದ ಸಭೆ ಮುಗಿದಿದೆ. ಜಗಲಿಯ ಮೇಲೆ ಇಬ್ಬರು ಕೂತಿದ್ದಾರೆ.

ತಂಗಿ: ಅಕ್ಕಾ, ನನ್ನ ಫೋನು ಕೆಟ್ಟೋಯ್ತು ಕಣಕ್ಕ. ಮಗಳ ಸ್ಕಾಲರ್‌ಶಿಪ್ ಅರ್ಜಿಗೆ ನಾಳಿದ್ದೇ ಕೊನೇ ದಿನ. ಪುಟ ತೆಗೆಯೋಕೇ ಆಗ್ತಿಲ್ಲ.

ಅಕ್ಕ: ಯಾವಾಗಿಂದ ಹಿಂಗಾಯ್ತು?

ತಂಗಿ: ನೆನ್ನೆ ರಾತ್ರಿ ಅದೇನೋ ಅಪ್‌ಡೇಟ್ ಅಂತ ಕೇಳ್ತು, ಒತ್ತಿದೆ. ಅವಾಗಿಂದ ಹಿಂಗೇ. ಪೇಟೇಲಿ ಒಂದು ಅಂಗಡೀಲಿ ತೋರಿಸ್ದೆ. "ಪೂರ್ತಿ ಅಳಿಸಿ ಹೊಸದಾಗಿ ಹಾಕ್ಬೇಕು, 500 ರೂಪಾಯಿ ಆಯ್ತದೆ" ಅಂದ್ರು.

ಅಕ್ಕ: ಅಳಿಸಿದ್ರೆ ಒಳಗಿರೋ ಫೋಟೋ ಎಲ್ಲಾ ಹೋಯ್ತದಲ್ಲವ್ವ?

ತಂಗಿ: ಅದಕ್ಕೇ ಬೇಡ ಅಂತ ಬಂದೆ. ತೀರಿಕೊಂಡ ನಮ್ಮವ್ವನ ಫೋಟೋ ಇದರಲ್ಲೇ ಇರೋದು. ಬೇರೆ ಎಲ್ಲೂ ಇಲ್ಲ.

ಅಕ್ಕ: ಒಳ್ಳೇದು ಮಾಡ್ದೆ. ಮೊದಲು ನೀರು ಎಲ್ಲಿ ನಿಂತದೆ ನೋಡೋಣ. ವಾಟ್ಸಾಪ್ ಬರ್ತಾ ಅದಾ?

ತಂಗಿ: ಬರ್ತಾ ಅದೆ. ಈಗ ತಾನೆ ನಮ್ಮಣ್ಣ ಏನೋ ಕಳಿಸ್ದ.

ಅಕ್ಕ: ಹಂಗಾದ್ರೆ ನೆಟ್ ಸರಿಯಾಗೇ ಅದೆ. ನಾಲೇಲಿ ನೀರು ಅದೆ. ಈಗ ನನ್ನ ಫೋನಲ್ಲಿ ಅದೇ ಪುಟ ತೆಗೀತೀನಿ ತಡಿ. ನೋಡು, ಬಂತು! ಅಂದ್ರೆ ಅಣೆಕಟ್ಟೂ ಸರಿಯಾಗದೆ.

ತಂಗಿ: ಹಂಗಾದ್ರೆ ನನ್ನ ಫೋನಿನ ತೂಬೇ ಕಟ್ಕೊಂಡದೆ!

ಅಕ್ಕ: ಈಗ ಸಿಕ್ತು ನೋಡು. ಏನೂ ಅಳಿಸೋದು ಬೇಡ. ಒಂದೊಂದೇ ಮಾಡೋಣ. ಒಂದು ಮಾಡಿದ ಮೇಲೆ ಸರಿಹೋಯ್ತಾ ಅಂತ ನೋಡ್ಬೇಕು. ಹೋಗಲಿಲ್ಲ ಅಂದ್ರೆ ಮುಂದಿನದು.

ಒಂದೊಂದಾಗಿ ಮಾಡಿ

1. ಸ್ವಲ್ಪ ಕಾಯಿರಿ. ಅಪ್‌ಡೇಟ್ ಆದ ಮೇಲೆ ಫೋನು ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ. ಕೆಲವು ಗಂಟೆ ನಿಧಾನವಾಗಬಹುದು. ಚಾರ್ಜಿಗೆ ಹಾಕಿ ಬಿಡಿ. ಸುಮ್ಮನೆ ಮೇಲಿಂದ ಮೇಲೆ ಒತ್ತಬೇಡಿ.

2. ಪರದೆಯ ಮೇಲೆ ಏನು ಬರೆದಿದೆ ಎಂದು ಓದಿ. "ಇಂಟರ್ನೆಟ್ ಇಲ್ಲ" ಎಂದಿದ್ದರೆ ನೆಟ್‌ನ ತೊಂದರೆ. "ಕ್ರೋಮ್ ಸ್ಪಂದಿಸುತ್ತಿಲ್ಲ" ಎಂದಿದ್ದರೆ ಬ್ರೌಸರಿನ ತೊಂದರೆ. ಅರ್ಥವಾಗದಿದ್ದರೆ ಪರದೆಯ ಫೋಟೋ ತೆಗೆದಿಡಿ. ಬಹಳಷ್ಟು ಫೋನುಗಳಲ್ಲಿ ಪವರ್ ಗುಂಡಿ ಮತ್ತು ಸೌಂಡ್ ಕಡಿಮೆ ಮಾಡುವ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿದರೆ ಫೋಟೋ ಬರುತ್ತದೆ.

3. ಬ್ರೌಸರನ್ನು ಪೂರ್ತಿ ಮುಚ್ಚಿ. ಸೆಟ್ಟಿಂಗ್ಸ್‌ಗೆ ಹೋಗಿ. ಆ್ಯಪ್ಸ್ ಒತ್ತಿ. ಕ್ರೋಮ್ ಒತ್ತಿ. ಅಲ್ಲಿ "ಫೋರ್ಸ್ ಸ್ಟಾಪ್" ಎಂದು ಇರುತ್ತದೆ, ಅದನ್ನು ಒತ್ತಿ. ಆಮೇಲೆ ಹೊಸದಾಗಿ ತೆರೆಯಿರಿ.

4. ಫೋನನ್ನು ಆಫ್ ಮಾಡಿ ಆನ್ ಮಾಡಿ. ಸುಲಭದ ಕೆಲಸ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ.

5. ಜಾಗ ಇದೆಯೇ ನೋಡಿ. ಹಗೇವು ತುಂಬಿದ ಮೇಲೆ ಇನ್ನೊಂದು ಮೂಟೆ ಹಿಡಿಸುವುದಿಲ್ಲ. ಫೋನೂ ಹಾಗೆಯೇ. ದಿನಾ ಬರುವ ಶುಭೋದಯದ ಚಿತ್ರ, ವಿಡಿಯೋ ಎಲ್ಲ ಸೇರಿ ಜಾಗ ತಿನ್ನುತ್ತವೆ. ಬೇಡದ್ದನ್ನು ಆರಿಸಿ ತೆಗೆಯಿರಿ.

6. ಕ್ಯಾಶ್ ತೆಗೆಯಿರಿ. ಬ್ರೌಸರ್ ಹಳೆಯ ಪುಟಗಳ ಚೂರುಪಾರು ಕೂಡಿಟ್ಟುಕೊಂಡಿರುತ್ತದೆ. ಅದಕ್ಕೆ ಕ್ಯಾಶ್ ಎನ್ನುತ್ತಾರೆ. ಇದು ತೂಬಿನಲ್ಲಿ ಕೂತ ಹೂಳು ಇದ್ದ ಹಾಗೆ. ಸೆಟ್ಟಿಂಗ್ಸ್, ಆ್ಯಪ್ಸ್, ಕ್ರೋಮ್, ಸ್ಟೋರೇಜ್ ಎಂದು ಹೋದರೆ "ಕ್ಲಿಯರ್ ಕ್ಯಾಶ್" ಸಿಗುತ್ತದೆ. ಇದರಿಂದ ನಿಮ್ಮ ಫೋಟೋ ಹೋಗುವುದಿಲ್ಲ. ಆದರೆ ಅಲ್ಲೇ ಪಕ್ಕದಲ್ಲಿ "ಕ್ಲಿಯರ್ ಡೇಟಾ" ಎಂದೋ "ಕ್ಲಿಯರ್ ಸ್ಟೋರೇಜ್" ಎಂದೋ ಇರುತ್ತದೆ. ಅದು ಬೇರೆ. ಅದನ್ನು ಒತ್ತಿದರೆ ಬ್ರೌಸರಿನಲ್ಲಿ ಉಳಿಸಿಟ್ಟ ವಿಷಯ ಹೋಗುತ್ತದೆ. ಅಕ್ಷರ ಅಕ್ಷರ ಓದಿ ಒತ್ತಿ.

7. ಬ್ರೌಸರನ್ನೂ ಹೊಸದು ಮಾಡಿ. ಪ್ಲೇ ಸ್ಟೋರ್ ತೆರೆದು ಕ್ರೋಮ್ ಎಂದು ಹುಡುಕಿ. "ಅಪ್‌ಡೇಟ್" ಎಂದು ಇದ್ದರೆ ಒತ್ತಿ. ಹೊಸ ಬದುವಿಗೆ ಹೊಸ ತೂಬು.

8. ಇನ್ನೊಂದು ಬ್ರೌಸರಿನಲ್ಲಿ ನೋಡಿ. ಕೆಲವು ಫೋನುಗಳಲ್ಲಿ ಎರಡು ಬ್ರೌಸರ್ ಇರುತ್ತವೆ. ಇಲ್ಲದಿದ್ದರೆ ಪ್ಲೇ ಸ್ಟೋರ್‌ನಿಂದ ಫೈರ್‌ಫಾಕ್ಸ್ ಹಾಕಿಕೊಳ್ಳಬಹುದು. ದುಡ್ಡು ಕೊಡಬೇಕಾಗಿಲ್ಲ.

ಆ ತಂಗಿಯ ಫೋನಿನಲ್ಲಿ ಜಾಗವೇ ಇರಲಿಲ್ಲ. ಹೀಗಾಗಿ ಕ್ರೋಮ್ ಹಳೆಯದಾಗಿಯೇ ಉಳಿದಿತ್ತು. ಬೇಡದ ವಿಡಿಯೋ ತೆಗೆದರು. ಕ್ರೋಮ್ ಅಪ್‌ಡೇಟ್ ಮಾಡಿದರು. ಪುಟ ಬಂತು. ಅವ್ವನ ಫೋಟೋವನ್ನು ಅಕ್ಕನ ಫೋನಿಗೂ ಕಳಿಸಿದರು. ಒಂದು ಹೋದರೆ ಇನ್ನೊಂದು ಇರಲಿ ಎಂದು.

ಕೊನೆಯ ದಿನ ಹತ್ತಿರ ಬಂದಿದ್ದರೆ

ಫೋನು ಸರಿಹೋಗಲಿ ಎಂದು ಕಾಯುತ್ತಾ ಕೂರಬೇಡಿ. ನಂಬಿಕೆಯವರ ಇನ್ನೊಂದು ಫೋನಿನಿಂದ ಅರ್ಜಿ ಹಾಕಿ. ಇಲ್ಲವೇ ಹತ್ತಿರದ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ. ಬೇರೆಯವರ ಫೋನಿನಲ್ಲಿ ಮಾಡಿದರೆ ಕೆಲಸ ಮುಗಿದ ಮೇಲೆ "ಲಾಗ್ ಔಟ್" ಒತ್ತುವುದನ್ನು ಮರೆಯಬೇಡಿ.

ಎಲ್ಲರ ಫೋನಿನಲ್ಲೂ ಅದೇ ಪುಟ ನಿಂತಿದ್ದರೆ ತೊಂದರೆ ವೆಬ್‌ಸೈಟಿನದು. ಆಗ ನಿಮ್ಮ ಫೋನಿನಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ. ಜನ ಕಡಿಮೆ ಇರುವ ಹೊತ್ತಿನಲ್ಲಿ, ನಸುಕಿನಲ್ಲೋ ರಾತ್ರಿಯೋ ಪ್ರಯತ್ನ ಮಾಡಿ.

ಎಚ್ಚರ! ಎಚ್ಚರ!

ಫೋನು ನಿಂತಾಗ ಮನಸ್ಸು ಗಾಬರಿಯಾಗಿರುತ್ತದೆ. ಮೋಸಗಾರರು ಕಾಯುವುದು ಇಂಥ ಹೊತ್ತನ್ನೇ.

ಪರದೆಯ ಮೇಲೆ "ನಿಮ್ಮ ಫೋನಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ" ಎಂದು ಬಂದರೆ ನಂಬಬೇಡಿ.
"ಈ ಆ್ಯಪ್ ಹಾಕಿಕೊಳ್ಳಿ, ಇಲ್ಲಿಂದಲೇ ಸರಿ ಮಾಡುತ್ತೇವೆ" ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ ಹಾಕಿಕೊಳ್ಳಬೇಡಿ. ನಿಮ್ಮ ಪರದೆ ಅವರಿಗೆ ಕಾಣುತ್ತದೆ. ಬ್ಯಾಂಕಿನ ಹಣ ಹೋಗಬಹುದು.
ಓಟಿಪಿ ಯಾರಿಗೂ ಹೇಳಬೇಡಿ.
ಹಣ ಹೋದರೆ ತಡಮಾಡದೆ 1930 ನಂಬರಿಗೆ ಕರೆ ಮಾಡಿ. ಇದು ಸೈಬರ್ ಮೋಸದ ದೂರಿಗಾಗಿ ಸರ್ಕಾರ ಇಟ್ಟಿರುವ ಸಹಾಯವಾಣಿ.

ಹಾಗಾದರೆ ಅಪ್‌ಡೇಟ್ ಮಾಡಲೇಬಾರದೇ?

ಮಾಡಬೇಕು. ಕಳ್ಳರು ನುಗ್ಗುವ ಸಂದುಗಳನ್ನು ಅಪ್‌ಡೇಟ್ ಮುಚ್ಚುತ್ತದೆ. ಬದು ಹಳೆಯದಾದರೆ ಏಡಿ ತೂತು ಮಾಡುವುದಿಲ್ಲವೇ? ಹಾಗೆ. ಆದರೆ ಹೊತ್ತು ನೋಡಿ ಮಾಡಿ. ಅರ್ಜಿಯ ಕೊನೆಯ ದಿನ ಬೇಡ. ಮೊದಲು ಬೇಕಾದ ಫೋಟೋ, ಕಾಗದಪತ್ರಗಳನ್ನು ಇನ್ನೊಂದು ಕಡೆ ಇಟ್ಟುಕೊಳ್ಳಿ. ಜಾಗ ಇದೆಯೇ ನೋಡಿ. ಚಾರ್ಜು ತುಂಬಿಸಿ. ಆಮೇಲೆ ಒತ್ತಿ.

ನೆನಪಿಡಿ

ಮೊದಲು ಓದಿ. ಆಮೇಲೆ ಒತ್ತಿ.
ಮೊದಲು ಎಲ್ಲಿ ನಿಂತಿದೆ ಹುಡುಕಿ. ಆಮೇಲೆ ಸರಿ ಮಾಡಿ.
ಇನ್ನೊಂದು ಕಡೆ ಉಳಿಸಿಕೊಳ್ಳದೆ ಏನನ್ನೂ ಅಳಿಸಬೇಡಿ.

ಉತ್ತರ ಹೇಳಿ

1. ವಾಟ್ಸಾಪ್ ಬರುತ್ತಿದೆ, ಬ್ರೌಸರಿನಲ್ಲಿ ಯಾವ ಪುಟವೂ ಬರುತ್ತಿಲ್ಲ. ತೊಂದರೆ ಎಲ್ಲಿರಬಹುದು?
2. "ಕ್ಲಿಯರ್ ಕ್ಯಾಶ್" ಮತ್ತು "ಕ್ಲಿಯರ್ ಡೇಟಾ" ಇವೆರಡಕ್ಕೂ ಏನು ವ್ಯತ್ಯಾಸ?
3. ಫೋನನ್ನು ಪೂರ್ತಿ ಅಳಿಸಲು ತಂಗಿ ಯಾಕೆ ಒಪ್ಪಲಿಲ್ಲ?

ಬಿಟ್ಟ ಜಾಗ ತುಂಬಿ

1. ಸೈಬರ್ ಮೋಸವಾದರೆ ಕರೆ ಮಾಡಬೇಕಾದ ನಂಬರು ______.
2. ಕ್ರೋಮ್, ಫೈರ್‌ಫಾಕ್ಸ್ ಇವು ______.
3. ______ ಯಾರಿಗೂ ಹೇಳಬಾರದು.

ಮಾಡಿ ನೋಡಿ

ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡಿ. ಆ ಅಂಕಿಯನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಕಳೆದುಕೊಳ್ಳಬಾರದ ಒಂದು ಫೋಟೋ ಆರಿಸಿ. ಅದನ್ನು ಇಂದೇ ನಂಬಿಕೆಯವರೊಬ್ಬರ ಫೋನಿಗೆ ಕಳಿಸಿಡಿ.